ಬಲಗಣ್ಣು −1.00, ಎಡಗಣ್ಣು −4.50: ಕೆಳಗೆ ನೋಡಿದಾಗ ಮಾತ್ರ ಎರಡೆರಡು ಕಾಣುವುದೇಕೆ?

ಹೊಸಕನ್ನಡಕ:
ವಯಸ್ಸು 34, ಇದೇ ಮೊದಲ ಕನ್ನಡಕ. ಬಲಕ್ಕೆ −1.00, ಎಡಕ್ಕೆ −4.50, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ನಂಬರ್) ಇಲ್ಲ. ಹಾಕಿ ಹತ್ತು ದಿನವಾಯಿತು. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎರಡೂ ಕಡೆ ಚಾರ್ಟಿನ ಕೊನೆಯ ಸಾಲು ಸ್ಪಷ್ಟ. ಎರಡೂ ತೆರೆದು ನೇರ ನೋಡಿದರೂ ಪರವಾಗಿಲ್ಲ. ಪುಟದ ಕೆಳಭಾಗ, ಮೆಟ್ಟಿಲು ನೋಡುವಾಗ ಮಾತ್ರ ಒಂದರ ಮೇಲೊಂದು ಎರಡು ಕಾಣುತ್ತದೆ, ತಲೆ ಭಾರವಾಗುತ್ತದೆ. ನಂಬರೇ ತಪ್ಪಾಗಿರಬಹುದಾ? ಎಡಕ್ಕೆ −3.00 ಹಾಕಿಸಿದರೆ ಸಾಕಾ?

ಲೆನ್ಸ್‌ಮೀಟರ್:
ನಂಬರ್ ತಪ್ಪಿದ್ದರೆ ನೇರ ನೋಡಿದಾಗಲೂ ಕಾಟ ಕೊಡಬೇಕಿತ್ತು. ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಕಾಣುವ ಸಾಲನ್ನು ಹಾಗೇ ಹಿಡಿದುಕೊಂಡು, ಕಣ್ಣು ಇಳಿಸುವ ಬದಲು ಗದ್ದ ಇಳಿಸಿ, ಲೆನ್ಸಿನ ಮಧ್ಯದಿಂದಲೇ ಓದಿ. ಸಾಲು ಒಂದಾದರೆ ಕಾರಣ ಪ್ರಿಸಂ.

ಲೆನ್ಸಿನ ಕೇಂದ್ರ ಬಿಟ್ಟು ಎಲ್ಲಿಂದ ನೋಡಿದರೂ ಅದು ಪ್ರಿಸಂ ಆಗಿಬಿಡುತ್ತದೆ, ಅಂದರೆ ಬೆಳಕನ್ನು ಬಾಗಿಸಿ ಬಿಂಬವನ್ನು ಪಕ್ಕಕ್ಕೆ ಸರಿಸುತ್ತದೆ. ಎಷ್ಟು ಎಂದರೆ, ಕೇಂದ್ರದಿಂದ ಸರಿದ ದೂರ (ಸೆಂಟಿಮೀಟರಿನಲ್ಲಿ) ಗುಣಿಸು ಪವರ್. ನೀವು 1 ಸೆಂ.ಮೀ. ಕೆಳಗಿನಿಂದ ಓದಿದರೆ ಎಡಕ್ಕೆ 4.5, ಬಲಕ್ಕೆ 1 ಪ್ರಿಸಂ ಡಯಾಪ್ಟರ್ (ಪ್ರಿಸಂ ಅಳೆಯುವ ಮಾನ). ವ್ಯತ್ಯಾಸ 3.5, ಅದೂ ಲಂಬವಾಗಿ. ಅಡ್ಡಡ್ಡ ಇಷ್ಟಿದ್ದರೆ ಕಣ್ಣು ಹೇಗೋ ಸರಿದೂಗಿಸಿಕೊಳ್ಳುತ್ತಿತ್ತು. ಮೇಲೆ-ಕೆಳಗೆ ಹೆಚ್ಚಿನವರಿಗೆ ಎರಡು-ಮೂರು ಪ್ರಿಸಂ ತಡೆಯುವುದೇ ಕಷ್ಟ.

ಗದ್ದ ಇಳಿಸಿದರೂ ಹೋಗದಿದ್ದರೆ ಎರಡೂ ಲೆನ್ಸಿನ ಆಪ್ಟಿಕಲ್ ಸೆಂಟರ್ ಒಂದೇ ಎತ್ತರದಲ್ಲಿದೆಯಾ ಗುರುತು ಹಾಕಿಸಿ ನೋಡಿ. −4.50 ಲೆನ್ಸ್ 2 ಮಿ.ಮೀ. ಮೇಲೆ-ಕೆಳಗಾದರೆ 0.9 ಪ್ರಿಸಂ ಸುಮ್ಮನೆ ಸೇರಿಕೊಳ್ಳುತ್ತದೆ. ಅದೂ ಸರಿಯಿದ್ದರೆ ಗುಪ್ತ ಮಾಲುಗಣ್ಣು (ಎರಡೂ ಕಣ್ಣು ಒಟ್ಟಿಗೆ ನೋಡುವಾಗ ಹೊರಗೆ ಕಾಣದ ಮಾಲು) ಇದೆಯಾ ಎಂದು ಕಣ್ಣಿನ ವೈದ್ಯರು ನೋಡಬೇಕು.

−3.00 ಮಾಡಿಸಿದರೆ ವ್ಯತ್ಯಾಸ 2ಕ್ಕೆ ಇಳಿಯುತ್ತದೆ, ನಿಜ. ಆದರೆ ದೂರಕ್ಕೆ ಎಡಗಣ್ಣು ಮಸುಕು, ಆಳದ ಅಂದಾಜೂ ಕಡಿಮೆ. ಬೇರೆ ದಾರಿ ಮುಗಿದ ಮೇಲೆ ಮಾಡುವ ರಾಜಿ ಅದು. ಎರಡು-ಮೂರು ವಾರ ಬಿಡದೆ ಹಾಕಿದರೆ ಕೆಲವರು ತಾವಾಗಿಯೇ ತಲೆ ತಿರುಗಿಸಿ ನೋಡಲು ಕಲಿಯುತ್ತಾರೆ. ನಲವತ್ತು ದಾಟಿದ ಮೇಲೆ ಓದುವ ನಂಬರ್ ಕೆಳಭಾಗದಲ್ಲಿರುವ ಬೈಫೋಕಲ್, ಪ್ರೋಗ್ರೆಸಿವ್ ಬಂದಾಗ ಆ ಉಪಾಯ ನಡೆಯುವುದಿಲ್ಲ, ಕೆಳಗಿನಿಂದಲೇ ಓದಬೇಕಲ್ಲ! ಆಗ ಹೆಚ್ಚು ಮೈನಸ್ ಇರುವ ಲೆನ್ಸಿನ ಓದುವ ಭಾಗಕ್ಕೆ ಸ್ಲ್ಯಾಬ್-ಆಫ್ (ಆ ಲಂಬ ಪ್ರಿಸಂ ವ್ಯತ್ಯಾಸ ಕಳೆಯುವ ಉಜ್ಜುವಿಕೆ) ಮಾಡಿಸುತ್ತಾರೆ. ಅಡ್ಡಕ್ಕೆ ತೆಳುವಾದ ಗೆರೆ ಕಾಣುತ್ತದೆ, ಹೆದರಬೇಡಿ.

ಅಕ್ಷಿಪಟಲ:
ತಲೆಭಾರಕ್ಕೆ ಇನ್ನೊಂದು ಕಾರಣ ಬಿಂಬದ ಗಾತ್ರ. ಕಣ್ಣಿನಿಂದ 12 ಮಿ.ಮೀ. ದೂರದಲ್ಲಿ ಕೂತ −4.50 ಲೆನ್ಸ್ ಎಲ್ಲವನ್ನೂ ಸುಮಾರು 5.1% ಚಿಕ್ಕದು ಮಾಡುತ್ತದೆ, −1.00 ಬರೀ 1.2%. ಈ 3.9% ಅಂತರವನ್ನು ಮಿದುಳು ಕೂಡಿಸಬೇಕು. ಮೂಗಿನ ಪ್ಯಾಡ್ ಸಡಿಲಾಗಿ ಲೆನ್ಸ್ 14 ಮಿ.ಮೀ.ಗೆ ಜಾರಿದರೆ ಅದೇ ಅಂತರ 4.5%. ಹಾಗಾಗಿ ಫ್ರೇಮನ್ನು ಕಣ್ಣಿಗೆ ಹತ್ತಿರ ಕೂರಿಸಿ, ಇದಕ್ಕೆ ಖರ್ಚೂ ಇಲ್ಲ.

ನಿಜವಾದ ಪರಿಹಾರ ಕಾಂಟ್ಯಾಕ್ಟ್ ಲೆನ್ಸ್. ಅದು ಕಣ್ಣಿನ ಜೊತೆಗೇ ತಿರುಗುವುದರಿಂದ ಪ್ರಿಸಂ ತಂಟೆಯಿಲ್ಲ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೇ ಕೂರುವುದರಿಂದ ಗಾತ್ರದ ವ್ಯತ್ಯಾಸವೂ ಇಳಿಯುತ್ತದೆ. ಎಡಕ್ಕೆ −4.25 ಸಾಕು, ಕನ್ನಡಕದ −4.50 ಅಲ್ಲಿ ಅಷ್ಟಕ್ಕೆ ಸಮ. ಕನ್ನಡಕ ಬಿಡಲು ಮನಸ್ಸಿಲ್ಲದವರು ಎಡಗಣ್ಣಿಗೆ ಮಾತ್ರ −3.25 ಕಾಂಟ್ಯಾಕ್ಟ್ ಹಾಕಿ, ಮೇಲೆ ಎರಡೂ ಕಡೆ −1.00 ಕನ್ನಡಕ ಹಾಕಬಹುದು.

ಕಣ್ಣುಗುಡ್ಡೆ ಉದ್ದವಾಗಿ ಬಂದ ಮೈನಸ್‌ಗೆ ಕನ್ನಡಕವೇ ಬಿಂಬವನ್ನು ಸಮ ಮಾಡುತ್ತದೆ ಎಂದು ನ್ಯಾಪ್ ನಿಯಮ ಹೇಳುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕಾಗದದ ಮೇಲೆ ಸರಿ. ಉದ್ದವಾದ ಕಣ್ಣಿನಲ್ಲಿ ರೆಟಿನಾ (ಬಿಂಬ ಬೀಳುವ ಹಿಂದಿನ ಪರದೆ) ಕೂಡ ಹಿಗ್ಗಿರುತ್ತದೆ ಎಂಬುದನ್ನು ಆ ಲೆಕ್ಕ ಬಿಟ್ಟಿದೆ. ಹೆಚ್ಚಿನವರಿಗೆ ಕಾಂಟ್ಯಾಕ್ಟೇ ಹಿತ.

ಹೊಸಕನ್ನಡಕ:
ಗದ್ದ ಇಳಿಸಿದರೆ ಸಾಲು ಒಂದಾಗುತ್ತದೆ, ಧನ್ಯವಾದ. ಇನ್ನೊಂದು ಪ್ರಶ್ನೆ: 6 ವರ್ಷದ ಮಗುವಿಗೆ +1.00, +4.00 ಬಂದಿದೆ. ಅವನಿಗೂ ಹೀಗೇ ಎರಡು ಕಾಣಬಹುದಾ, ನಂಬರ್ ಇಳಿಸಬೇಕಾ?

ಮಕ್ಕಳಕಣ್ಣು:
ಇಳಿಸಲೇಬೇಡಿ. ಅದು ಬೇರೆಯೇ ಕಥೆ, ನಿಮ್ಮದಕ್ಕಿಂತ ಅವಸರದ್ದು.

ಫೋಕಸ್ ಮಾಡುವ ಶಕ್ತಿ ಎರಡೂ ಕಣ್ಣಿಗೆ ಸಮವಾಗಿ ಹೋಗುತ್ತದೆ. +1 ಕಣ್ಣಿಗೆ ಬೇಕಾದಷ್ಟು ಫೋಕಸ್ ಆದ ಕೂಡಲೇ ನಿಲ್ಲುತ್ತದೆ. +4 ಕಣ್ಣಿಗೆ ದೂರವೂ ಮಸುಕು, ಹತ್ತಿರವೂ ಮಸುಕು. ಆ ಬಿಂಬವನ್ನು ಮಿದುಳು ಅದುಮಿಡುತ್ತದೆ, ಹಾಗೇ ಸೋಮಾರಿ ಕಣ್ಣು (ಕನ್ನಡಕ ಹಾಕಿದರೂ ಪೂರ್ತಿ ಕಾಣದ ಕಣ್ಣು) ಬೆಳೆಯುತ್ತದೆ. ಮಗು ದೂರು ಹೇಳುವುದಿಲ್ಲ, ಮಾಲುಗಣ್ಣೂ ಕಾಣದೆ ಇರಬಹುದು. ಮೈನಸ್‌ನಲ್ಲಿ −4 ಕಣ್ಣಿಗೆ ಹತ್ತಿರದ್ದಾದರೂ ಸ್ಪಷ್ಟ, ಹಾಗಾಗಿ ಪ್ಲಸ್ ವ್ಯತ್ಯಾಸಕ್ಕೆ ಹೋಲಿಸಿದರೆ ಅಪಾಯ ಕಡಿಮೆ.

ನಂಬರನ್ನು ಫೋಕಸ್ ಸಡಿಲಿಸುವ ಹನಿ ಹಾಕಿಯೇ ತೆಗೆದಿದ್ದಾರಾ ಕೇಳಿಕೊಳ್ಳಿ. ಪ್ಲಸ್ ಕಡಿಮೆ ಮಾಡಲೇಬೇಕೆಂದು ವೈದ್ಯರಿಗೆ ಅನ್ನಿಸಿದರೂ ಎರಡೂ ಕಡೆ ಒಂದೇ ಅಳತೆ ಕಳೆಯುತ್ತಾರೆ. 3 ಡಯಾಪ್ಟರ್ ಅಂತರ ಹಾಗೇ ಉಳಿಯಬೇಕು. ಎದ್ದಾಗಿನಿಂದ ಮಲಗುವವರೆಗೆ ಕನ್ನಡಕ. ಬರೀ ಅದರಿಂದಲೇ 16–18 ವಾರ ದೃಷ್ಟಿ ಏರುತ್ತಾ ಹೋಗಬಹುದು. ಏರುವುದು ನಿಂತರೆ ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ: ಮಧ್ಯಮ ತೊಂದರೆಗೆ ಸಾಮಾನ್ಯವಾಗಿ ದಿನಕ್ಕೆ 2 ಗಂಟೆ, ತೀವ್ರವಿದ್ದರೆ 6 ಗಂಟೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಬೇಕು, ಲೆನ್ಸಿಗೆ ಅಂಟಿಸಿದರೆ ಮಕ್ಕಳು ಸಂದಿಯಿಂದ ಇಣುಕುತ್ತಾರೆ. ಗಾತ್ರದ ವ್ಯತ್ಯಾಸವನ್ನು ಈ ವಯಸ್ಸಿನವರು ದೊಡ್ಡವರಿಗಿಂತ ಸುಲಭವಾಗಿ ಸಹಿಸುತ್ತಾರೆ, ಆ ಚಿಂತೆ ಬೇಡ.

ಲೆನ್ಸ್‌ಮೀಟರ್:
ಮೂಲ ಪ್ರಶ್ನೆಗೆ ಒಂದು ಮಾತು ಬಿಟ್ಟಿದ್ದೆ. ಎಡಗಣ್ಣು ಎಂದಿನಿಂದ ಹೀಗಿದೆ? ಚಿಕ್ಕಂದಿನಿಂದ ಇದ್ದರೆ ಸರಿ. ಇತ್ತೀಚೆಗೆ ಒಂದೇ ಕಣ್ಣಿಗೆ ಮೈನಸ್ ಏರಿದ್ದರೆ ಕಾರ್ನಿಯಾ ಚೂಪಾಗುವ ಕೆರಟೋಕೋನಸ್ ಅಥವಾ ಪೊರೆ ಇದೆಯಾ ನೋಡಿಸದೆ ಲೆನ್ಸ್ ಬದಲಿಸಬೇಡಿ.