ಕೈಲಾಸಂ ಇದ್ದೂ ಮೂಕಿ ಚಿತ್ರ

"ಅಲ್ರಿ ಮಾಸ್ತರ, ಮಾತಿಲ್ಲದ ಸಿನಿಮಾಕ್ಕೆ ನಾಟಕಕಾರ ಟಿ.ಪಿ. ಕೈಲಾಸಂ ಅವರನ್ನ ಯಾಕೆ ಕರೆದ್ರು? ಬಾಣಸಿಗನನ್ನ ಕರೆಸಿ ಬರೀ ತಾಟು ತೊಳಿ ಅಂದಂಗಾತು!"

ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಮಿರ್ಚಿ ಭಜಿ ಆರುವುದರೊಳಗೆ ಜಗಳ ಶುರು. ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಮೋಹನ್ ಭವನಾನಿ ಮೂಕಿ ಚಿತ್ರ ಮಾಡಿದರಲ್ವಾ, 'ವಸಂತಸೇನಾ' ಅಂತ, ಅದರ ಬಗ್ಗೆ. ಕಮಲಾದೇವಿ ಚಟ್ಟೋಪಾಧ್ಯಾಯ, ಎಣಾಕ್ಷಿ ರಾಮರಾವ್, ಕೈಲಾಸಂ ಎಲ್ಲ ನಟಿಸಿದ್ದರು. ಈಗ ನೋಡೋಣ ಅಂದ್ರೆ ಪ್ರಿಂಟೇ ಇಲ್ಲ.

ಮಾಸ್ತರಿಗೆ ನಾಟಕದ ಖಳ ಶಕಾರನದೇ ಚಿಂತೆ. ಆ ರಾಜನ ಭಾವಮೈದ 'ಸ'ಗೆಲ್ಲ 'ಶ' ಅಂತಾನೆ, ರಾವಣನ ಕೈಗೆ ಸಿಕ್ಕ ಕುಂತಿ ಹಾಗೆ ನನ್ನ ಕೈಗೆ ಸಿಕ್ಕಿದೀಯ ಅಂತ ನಾಯಕಿ ವಸಂತಸೇನೆಯನ್ನು ಹೆದರಿಸ್ತಾನೆ, ಇದನ್ನ ಬಾಯಿ ಮುಚ್ಚಿಕೊಂಡು ಹೆಂಗ ಮಾಡ್ತೀರಿ? ಪರದೆ ಮೇಲೆ ಮಾತು ಬರೆದ ಚೀಟಿ ತೋರಿಸಬೇಕು. ಆಗ ಎಷ್ಟೋ ಟಾಕೀಸುಗಳಲ್ಲಿ ಓದು ಬಾರದವರಿಗೆ ಅಂತ ಒಬ್ಬ ನಿಂತು ಆ ಚೀಟಿ ಓದಿ ಹೇಳ್ತಿದ್ದ. ಅವನ ನಾಲಿಗೆಯೂ ತೊದಲಿದರೆ ಪ್ರೇಕ್ಷಕರ ಪುಣ್ಯ!

"ಕಳ್ಳನ ಸೀನ್ ಮರೆತಿರೇನು?" ಅಂದರು ಕಾಕಾ. ಇದಕ್ಕೆ ನನ್ನ ವೋಟು. ಶರ್ವಿಲಕ ನಾಯಕ ಚಾರುದತ್ತನ ಮನೆಗೆ ಕನ್ನ ಹಾಕಲು ಬರ್ತಾನೆ. ಸುಮ್ನೆ ಕೊರೆಯೋದಿಲ್ಲ. ತೂತು ಕಮಲದ ಹಾಗಿರಬೇಕಾ, ಸೂರ್ಯನ ಹಾಗಿರಬೇಕಾ ಅಂತ ಯೋಚಿಸಿ, ಕೊನೆಗೆ ತುಂಬಿದ ಕೊಡದ ಆಕಾರ ಅಂತ ತೀರ್ಮಾನ ಮಾಡ್ತಾನೆ. ಅಳತೆ ದಾರ ಮನೆಯಲ್ಲೇ ಬಿಟ್ಟು ಬಂದಿದಾನೆ, ಜನಿವಾರ ತೆಗೆದು ಗೋಡೆ ಅಳೀತಾನೆ! ಬೆಳಿಗ್ಗೆ ಚಾರುದತ್ತ ಎದ್ದು, ವಸಂತಸೇನೆ ಇಟ್ಟುಹೋಗಿದ್ದ ಒಡವೆ ಹೋಯ್ತು ಅನ್ನೋದಕ್ಕಿಂತ ಮೊದಲು ತೂತಿನ ಅಂದ ಹೊಗಳ್ತಾನೆ. ಇದಕ್ಕೆ ಮಾತು ಯಾಕೆ ಬೇಕ್ರಿ? ಹಾರ್ಮೋನಿಯಂ, ತಬಲಾ ಸಾಕು.

ನಮ್ಮ ದೇಶದಲ್ಲಿ ಸುಮಾರು 1,300 ಮೂಕಿ ಚಿತ್ರ ಬಂದವಂತೆ, ಉಳಿದದ್ದು 30ರ ಆಸುಪಾಸು, ಅದರಲ್ಲೂ ಕೆಲವು ಬರೀ ತುಂಡುಗಳು. ಪುಣೆಯಲ್ಲಿ ಹಳೇ ಸಿನಿಮಾ ಕಾಪಾಡೋ ಫಿಲ್ಮ್ ಆರ್ಕೈವ್ ಶುರುವಾಗಿದ್ದೇ 1964ರಲ್ಲಿ. ಅಷ್ಟೊತ್ತಿಗೆ ಆಗಬಾರದ್ದೆಲ್ಲ ಆಗಿತ್ತು. ಆ ಕಾಲದ ನೈಟ್ರೇಟ್ ರೀಲಿಗೆ ಕಿಡಿ ತಗುಲಿದರೆ ನೀರು ಸುರಿದರೂ ಆರೋದಿಲ್ಲ. ಬೆಂಕಿ ಬೀಳದಿದ್ದರೆ ತಾನೇ ಕರಗಿ ಅಂಟಾಗಿ ಪುಡಿಯಾಗುತ್ತೆ. ಎಷ್ಟೋ ರೀಲನ್ನು ಅದರಲ್ಲಿರೋ ಬೆಳ್ಳಿ ಆಸೆಗೆ ಕರಗಿಸಿ ಮಾರಿದರು.

"ಬೆಳ್ಳೀನಾ!" ಕಾಕಾ ಭಜಿ ಕೆಳಗಿಟ್ಟರು. "ನಾಟಕದ ತುಂಬ ಒಡವೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡ್ತದ, ಈಗ ಸಿನಿಮಾನೂ ಒಡವೆ ಆಯ್ತೇನು? ನಾಳೆ ಸರಾಫ್ ಬಜಾರ್‌ಗೆ ಹೋಗಿ, ಹತ್ತು ಗ್ರಾಂ ವಸಂತಸೇನೆ ಐತೇನ್ರಿ ಅಂತ ಕೇಳ್ತೀನಿ ತಗೋ."