ಕ್ರೋಶೆ ಗುಂಗುರು: ತಲೆ ತೊಳೆಯೋದು ಹೇಗೆ?

ಪ್ರಶ್ನೆ: ನನ್ನ ಕೂದಲನ್ನು ಕಾರ್ನ್‌ರೋ (ತಲೆಗೆ ಅಂಟಿದಂತೆ ಸಾಲಾಗಿ ಹೆಣೆಯುವ ಸಣ್ಣ ಜಡೆ) ಹೆಣೆಸಿ, ಮೇಲೆ ಕ್ರೋಶೆ ಕೊಕ್ಕೆಯಿಂದ ಸಿಂಥೆಟಿಕ್ ಗುಂಗುರು ಕೂದಲು ಹಾಕಿಸಿದ್ದೇನೆ. ನೋಡಲು ಚಂದ, ಆದರೆ ತಲೆ ತುರಿಸುತ್ತಿದೆ. ಕತ್ತಿನ ಹಿಂದಿನ ಗುಂಗುರಂತೂ ಈಗಲೇ ಗಂಟು ಗಂಟು. ನೀರು ಹಾಕಬಹುದಾ?

ಉತ್ತರ 1: ಧಾರಾಳವಾಗಿ ಹಾಕಿ. ಶಾಂಪೂಗೆ ಜಾಸ್ತಿ ನೀರು ಬೆರೆಸಿ, ಮೂತಿ ಸಣ್ಣಗಿರುವ ಬಾಟಲಿಯಿಂದ ಜಡೆಗಳ ನಡುವೆ ಬಿಡಿ. ಬೆರಳ ತುದಿಯಿಂದ ಒತ್ತಿ, ಉಜ್ಜಬೇಡಿ. ಆಮೇಲೆ ಒಣಗಿಸುವುದೇ ದೊಡ್ಡ ಕೆಲಸ. ಮೇಲೆ ಒಣಗಿದ್ದರೂ ಒಳಗಿನ ಜಡೆ ಒದ್ದೆ ಇರುತ್ತದೆ, ಹಾಗೇ ಮಲಗಿದರೆ ಮುಗ್ಗಲು ವಾಸನೆ ಗ್ಯಾರಂಟಿ! ಬೆಳಿಗ್ಗೆಯೇ ತೊಳೆಯಿರಿ. ಡ್ರೈಯರ್ ಬೇಕಾದರೆ ತಣ್ಣನೆ ಗಾಳಿ ಮಾತ್ರ, ಬಿಸಿಗೆ ಸಿಂಥೆಟಿಕ್ ಎಳೆ ಕರಗಬಹುದು.

ಉತ್ತರ 2: ಗಂಟಿಗೆ ಬ್ರಷ್ ಬೇಡವೇ ಬೇಡ. ಸ್ವಲ್ಪ ಮೂಸ್ (ಕೂದಲಿಗೆ ಹಚ್ಚುವ ನೊರೆ) ಹಚ್ಚಿ, ಬೆರಳಲ್ಲೇ ಬಿಡಿಸಿ. ಬಿಡಿಸಲಾಗದ್ದನ್ನು ಕತ್ತರಿಸಿಬಿಡಿ, ಯಾರಿಗೂ ಗೊತ್ತಾಗಲ್ಲ. ರಾತ್ರಿ ಸ್ಯಾಟಿನ್ ಬಾನೆಟ್ (ನುಣುಪು ಬಟ್ಟೆಯ ಟೋಪಿ) ಹಾಕಿ. ಹತ್ತಿ ದಿಂಬು ಗುಂಗುರನ್ನು ಉಜ್ಜಿ ಉಜ್ಜಿ ಹಾಳು ಮಾಡುತ್ತದೆ.

ಉತ್ತರ 3: ತುರಿಕೆ ಜೊತೆ ಗುಳ್ಳೆ, ನೋವು ಇದ್ದರೆ ಸುಮ್ನೆ ಎಣ್ಣೆ ಸುರಿಯಬೇಡಿ. ಜಡೆ ತುಂಬಾ ಬಿಗಿಯಾಗಿರಬಹುದು, ಬಿಚ್ಚಿಸಿ. ಹಣೆಯಂಚಿನ ಕೂದಲು ಹೋದರೆ, ಕೂದಲು ಕಾಪಾಡೋಕೆ ಅಂತ ಮಾಡಿಸೋ ಈ ಕೇಶಶೈಲಿ ಯಾಕೆ, ಅಲ್ವಾ? ಎಲ್ಲಾ ಸರಿಯಿದ್ದರೂ 6ರಿಂದ 8 ವಾರಕ್ಕೆ ತೆಗೆದುಬಿಡಿ.

ಪ್ರಶ್ನೆ ಕೇಳಿದವರು: ಗುಳ್ಳೆ ಇಲ್ಲ, ಬರೀ ತುರಿಕೆ. ನಾಳೆ ಬೆಳಿಗ್ಗೆಯೇ ತೊಳೆಯುತ್ತೇನೆ.