ಎಷ್ಟು ಮಸೆದರೂ ಜೇಬಿನ ಚಾಕು ಟೊಮೆಟೊ ಮೇಲೆ ಜಾರುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಪಿನೆಲ್ ಅನ್ನುವ ಫ್ರೆಂಚ್ ಕಂಪನಿಯ 8ನೇ ನಂಬರ್ ಮಡಚುವ ಚಾಕು ಇದೆ, ಕಾರ್ಬನ್ ಸ್ಟೀಲಿನದು, ಭಾವ ಫ್ರಾನ್ಸಿನಿಂದ ಬರುವಾಗ ತಂದುಕೊಟ್ಟಿದ್ದು. ಎರಡು ವರ್ಷದಿಂದ ಜೇಬು ಬಿಟ್ಟಿಲ್ಲ. ಗೊಬ್ಬರದ ಚೀಲ ಸೀಳುವುದು, ಡ್ರಿಪ್ ಪೈಪ್ ಕತ್ತರಿಸುವುದು, ಬಾಳೆಎಲೆ ಕೊಯ್ಯುವುದು, ಮಧ್ಯಾಹ್ನ ಮಾವಿನಹಣ್ಣು ಹೆಚ್ಚುವುದು, ಎಲ್ಲ ಅದರಲ್ಲೇ. ಹೊಸದರಲ್ಲಿ ಪೇಪರ್ ಸರ್ರನೆ ಸೀಳುತ್ತಿತ್ತು. ಈಗ ಟೊಮೆಟೊ ಸಿಪ್ಪೆಯನ್ನೂ ಹಿಡಿಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಬದಿಯ ಕಾರ್ಬೊರಂಡಮ್ ಕಲ್ಲು ತಂದು ಮೂರು ಭಾನುವಾರ ಅರ್ಧರ್ಧ ಗಂಟೆ ಮಸೆದಿದ್ದೇನೆ. ಅಲಗಿನ ಮೈ ತುಂಬ ಗೀರು ಬಿತ್ತೇ ಹೊರತು ಹರಿತ ಬರಲಿಲ್ಲ. ಸ್ಟೀಲು ಮುಗಿದುಹೋಯಿತಾ, ಕಲ್ಲು ಸರಿ ಇಲ್ಲವಾ, ಇಲ್ಲ ನಾನೇ ಸರಿ ಇಲ್ಲವಾ? ಇನ್ನೊಂದು ಕಷ್ಟ, ಮಳೆ ಹಿಡಿದ ಮೇಲೆ ಚಾಕು ಬಿಡಿಸಲಿಕ್ಕೇ ಬರುತ್ತಿಲ್ಲ, ಉಗುರು ಕಿತ್ತು ಬರುವುದೊಂದು ಬಾಕಿ.

ಸ್ಪ್ಯಾನರ್:
ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ ಗುರುವೇ, ವೆಲ್ಡಿಂಗ್ ಶಾಪಿನಲ್ಲಿ ಗ್ರೈಂಡರಿಗೆ ಹಿಡಿಸಿ. ಎರಡು ನಿಮಿಷದ ಕೆಲಸ.

ಮಸೆಗಲ್ಲು:
ಅಯ್ಯೋ ಬೇಡ ಮಾರಾಯ್ರೆ. ಗ್ರೈಂಡರಿನಲ್ಲಿ ಕಿಡಿ ಹಾರುವಾಗ ಚಾಕುವಿನ ಬಾಯಿ ಎಷ್ಟು ತೆಳು ಅಂದರೆ ಕ್ಷಣದಲ್ಲಿ ಕೆಂಡದಂತೆ ಕಾಯುತ್ತದೆ. ಕಾರ್ಬನ್ ಸ್ಟೀಲಿನಲ್ಲಿ ನೀಲಿ ಬಣ್ಣ ಕಂಡಿತು ಅಂದರೆ ಅಲ್ಲಿ ಸುಮಾರು 300 ಡಿಗ್ರಿ ತಲುಪಿದೆ ಅಂತ ಲೆಕ್ಕ, ಸ್ಟೀಲಿಗೆ ಕೊಟ್ಟ ಹದ ಅಲ್ಲಿಗೆ ಹೋಯಿತು. ಆಮೇಲೆ ಎಷ್ಟೇ ಮಸೆದರೂ ಎರಡು ದಿನಕ್ಕೆ ಮೊಂಡು. ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯುವುದೊಂದೇ ದಾರಿ.

ತೋಟದಮನೆಯವರೇ, ನೀವು ಬರೆದದ್ದರಲ್ಲೇ ಸುಳಿವು ಇದೆ. ಗೀರು ಬಿದ್ದಿರುವುದು ಅಲಗಿನ ಮೈ ಮೇಲೆ ಅಂದಿರಿ. ಅಂದರೆ ಕಲ್ಲು ತಾಗುತ್ತಿರುವುದು ಬಾಯಿಗೆ ಅಲ್ಲ, ಅದರ ಮೇಲಕ್ಕೆ. ಒಂದು ಕೆಲಸ ಮಾಡಿ. ಕಪ್ಪು ಮಾರ್ಕರ್ ಪೆನ್ನಿನಿಂದ ಬಾಯಿಯ ಉದ್ದಕ್ಕೂ ಎರಡೂ ಬದಿ ಬಳಿಯಿರಿ, ನೀವು ಯಾವಾಗಲೂ ಮಸೆಯುವ ಹಾಗೇ ನಾಲ್ಕೈದು ಸಲ ಎಳೆಯಿರಿ. ಮಸಿ ಎಲ್ಲಿ ಹೋಗಿದೆ, ಎಲ್ಲಿ ಉಳಿದಿದೆ ಹೇಳಿ.

ತೋಟದಮನೆ:
ಮಾಡಿದೆ ಸರ್. ಮೇಲೆಲ್ಲ ಹೋಗಿದೆ, ತುತ್ತತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಹಾಗೇ ಇದೆ! ಒಟ್ಟು ಒಂದೂವರೆ ಗಂಟೆ ಸುಮ್ನೆ ಕೈ ನೋಯಿಸಿಕೊಂಡೆ ಅಂತಾಯಿತು.

ಮಸೆಗಲ್ಲು:
ಸುಮ್ನೆ ಏನೂ ಅಲ್ಲ, ಭುಜ, ಅಂದರೆ ಬಾಯಿಗಿಂತ ಸ್ವಲ್ಪ ಮೇಲಿನ ಭಾಗ, ತೆಳುವಾಗಿದೆ, ಹರಿತ ಬಂದ ಮೇಲೆ ಅದು ಒಳ್ಳೆಯದೇ. ಚಾಕುವನ್ನು ಜಾಸ್ತಿ ಮಲಗಿಸಿ ಮಸೆಯುತ್ತಿದ್ದೀರಿ, ಅಷ್ಟೇ. ಜೇಬಿನ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಬೇಕು. ಕಣ್ಣಳತೆಯಲ್ಲಿ ಡಿಗ್ರಿ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ ಅಲಗಿನ ಬೆನ್ನು ಕಲ್ಲಿನಿಂದ ಎಷ್ಟು ಎತ್ತರದಲ್ಲಿದೆ ಅಂತ ನೋಡಿ. ನಿಮ್ಮ ಅಲಗು ಹೆಚ್ಚುಕಡಿಮೆ 2 ಸೆಂ.ಮೀ. ಅಗಲ ಇರುತ್ತದೆ, ಹಾಗಾದರೆ ಬೆನ್ನು 6 ಮಿ.ಮೀ. ಎತ್ತಿದರೆ 17 ಡಿಗ್ರಿ ಆಯಿತು. ಕಿರುಬೆರಳಿನ ಅರ್ಧ ದಪ್ಪ ಅಂದುಕೊಳ್ಳಿ.

ಒರಟು ಬದಿಗೆ ನೀರು ಹಾಕಿ (ಎಣ್ಣೆ ಹಾಕಿದ್ದರೆ ಇನ್ನು ಯಾವಾಗಲೂ ಎಣ್ಣೆಯೇ, ಬೆರೆಸಬೇಡಿ), ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಹತ್ತು ಸಲ ಇಪ್ಪತ್ತು ಸಲ ಅಂತ ಲೆಕ್ಕ ಇಡಬೇಡಿ, ಎಲ್ಲರೂ ಎಡವುವುದು ಅಲ್ಲೇ. ಆಚೆ ಬದಿಯಲ್ಲಿ ಬರ್ ಏಳುವವರೆಗೆ ಮಸೆಯಬೇಕು. ಬರ್ ಅಂದರೆ ಬಾಯಿಯ ಸ್ಟೀಲು ತೆಳುವಾಗಿ ಆಚೆ ಬದಿಗೆ ಮಡಚಿಕೊಂಡ ಸಿಬಿರು. ಕಣ್ಣಿಗೆ ಕಾಣುವುದು ಕಷ್ಟ, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲಗೆ ಜಾರಿಸಿದರೆ ತುದಿಯಲ್ಲಿ ತರಿ ತರಿ ಸಿಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ರಕ್ತ ಬರುತ್ತದೆ. ಬುಡದಿಂದ ಮೊನೆವರೆಗೆ ಬರ್ ಸಿಕ್ಕಿದರೆ ಮಾತ್ರ ತಿರುಗಿಸಿ. ಆಮೇಲೆ ನಯ ಬದಿಯಲ್ಲಿ ಇದನ್ನೇ ಕಡಿಮೆ ಭಾರ ಹಾಕಿ ಮಾಡಿ.

ಮಳೆನಾಡಿಗ:
ಬಿಡಿಸಲು ಬರದ ವಿಷಯಕ್ಕೆ ನಾನು ಹೇಳುತ್ತೇನೆ, ನನ್ನದೂ ಇದೇ ಚಾಕು. ಹಿಡಿ ಬೀಚ್ ಮರದ್ದು, ಆಷಾಢದಲ್ಲಿ ನಮ್ಮ ಮನೆ ಬಾಗಿಲೇ ಹಾಕಲು ಬರುವುದಿಲ್ಲ, ಇನ್ನು ಅದು ಉಬ್ಬದೆ ಇರುತ್ತದಾ. ಈ ಚಾಕು ಹುಟ್ಟಿದ ಫ್ರಾನ್ಸಿನ ಸವೋಯ್ ಪ್ರಾಂತ್ಯದ ರೈತರು ಇದಕ್ಕೆ ಯಾವಾಗಲೋ ಉಪಾಯ ಕಂಡುಕೊಂಡಿದ್ದಾರೆ, 1890ರಿಂದ ಬಳಸುತ್ತಿದ್ದಾರಲ್ವಾ. ಲಾಕ್ ಮಾಡುವ ಉಂಗುರ ತಿರುಗಿಸಿ ಬಿಡಿಸಿಕೊಳ್ಳಿ (ಈ ಉಂಗುರ ಬಂದದ್ದು 1955ರಲ್ಲಿ), ಚಾಕು ಮಡಚಿರುವಾಗಲೇ ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಿ. ಅಲಗು ತಾನೇ ಸ್ವಲ್ಪ ಹೊರಗೆ ಬರುತ್ತದೆ, ಚಿವುಟಿ ಹಿಡಿದು ಎಳೆದರಾಯಿತು.

ನೀರಿನಲ್ಲಿ ನೆನೆಹಾಕಿ ತೊಳೆಯಬೇಡಿ. ಮಾವಿನಹಣ್ಣು, ನಿಂಬೆಹಣ್ಣು ಹೆಚ್ಚಿದ ಕೂಡಲೇ ಒರೆಸಿ. ಹುಳಿಗೆ ಅಲಗು ಕಪ್ಪಾದರೆ ಹೆದರಬೇಡಿ, ಅದು ಒಂಥರಾ ಕಾಪು. ಕೆಂಪು ತುಕ್ಕು ಬಂದರೆ ಮಾತ್ರ ಉಜ್ಜಿ ತೆಗೆದು ಕೊಬ್ಬರಿ ಎಣ್ಣೆ ಸವರಿ. ಹಲಸಿನ ಮೇಣಕ್ಕೂ ಅದೇ ಎಣ್ಣೆ, ನಿಮಗೆ ಹೇಳಿಕೊಡಬೇಕಾ.

ತೋಟದಮನೆ:
ಕುಟ್ಟಿದೆ, ಬಂತು! ಹೆಂಡತಿ ನಗುತ್ತಿದ್ದಾಳೆ.

ಮಸೆಯುವುದೂ ಆಯಿತು. ಮೊದಲ ಬದಿಗೇ ಇಪ್ಪತ್ತೈದು ನಿಮಿಷ ಹಿಡಿಯಿತು, ಕೊನೆಗೆ ತರಿ ಸಿಕ್ಕಿತು. ಭಾನುವಾರ ಸಂಜೆ ಮುಂಗೈ ರೋಮ ಬೋಳಿಸುತ್ತಿತ್ತು. ಆದರೆ ಮಂಗಳವಾರ ಎರಡು ಚೀಲ ಸೀಳುವಷ್ಟರಲ್ಲಿ ಮತ್ತೆ ಮೊಂಡು. ಮೊನೆಯ ಹತ್ತಿರ ಅಂತೂ ಮೊದಲಿಂದಲೂ ಹರಿತ ಬಂದೇ ಇಲ್ಲ.

ಮಸೆಗಲ್ಲು:
ಬರ್ ಎಬ್ಬಿಸಿದಿರಿ, ಆದರೆ ತೆಗೆಯಲಿಲ್ಲ. ಅದು ಸೆಟೆದು ನಿಂತಿದ್ದಾಗ ರೋಮವನ್ನೂ ಬೋಳಿಸುತ್ತದೆ, ಗಟ್ಟಿ ವಸ್ತು ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ. ನಾನು ಇದನ್ನು ಹರಿತ ಅಂದುಕೊಂಡು ಒಂದು ವರ್ಷ ಮೋಸ ಹೋಗಿದ್ದೆ. ನಯ ಬದಿಯಲ್ಲಿ ಕೊನೆಗೆ ಆ ಬದಿಗೊಂದು ಈ ಬದಿಗೊಂದು ಎಳೆತ, ಚಾಕುವಿನದೇ ಭಾರ ಸಾಕು, ಹತ್ತು ಸಲ. ಆಮೇಲೆ ಹಳೆಯ ತೊಗಲಿನ ಬೆಲ್ಟಿನ ಒಳಮೈ ಮೇಲೆ ಬಾಯಿ ಹಿಂದೆ ಬರುವಂತೆ ಎಳೆಯಿರಿ, ಕ್ಷೌರದಂಗಡಿಯಲ್ಲಿ ಮೊದಲೆಲ್ಲ ಕತ್ತಿ ತೀಡುತ್ತಿದ್ದರಲ್ಲ, ಹಾಗೇ. ಬಾಯಿ ಮುಂದಾಗಿ ತಳ್ಳಿದರೆ ಬೆಲ್ಟು ಎರಡು ತುಂಡು.

ಮೊನೆಯ ಹತ್ತಿರ ಅಲಗು ಬಾಗುತ್ತದೆ, ಅಲ್ಲಿಗೆ ಬರುವಾಗ ಹಿಡಿಯನ್ನು ಸ್ವಲ್ಪ ಎತ್ತಬೇಕು. ಮಾರ್ಕರ್ ಬಳಿದುಕೊಂಡೇ ಮಾಡಿ, ಕೈಗೆ ಅಂದಾಜು ಬರುತ್ತದೆ. ಮತ್ತೆ ಆ ಚೀಲಗಳಿಗೆ ಮಣ್ಣು ಮೆತ್ತಿರುತ್ತದೆ, ಮರಳಿನ ಮೇಲೆ ಮಸೆದ ಹಾಗೆ ಆಗುತ್ತದೆ. ಅದಕ್ಕೊಂದು ಹತ್ತಿಪ್ಪತ್ತು ರೂಪಾಯಿಯ ಪೇಪರ್ ಕಟರ್ ಇಟ್ಟುಕೊಳ್ಳಿ.

ತೋಟದಮನೆ:
ಹತ್ತು ದಿನ ಆಯಿತು, ಟೊಮೆಟೊ ಒತ್ತದೇ ಇಳಿಯುತ್ತಿದೆ. ಬೆಲ್ಟು ಮಗನದ್ದು, ಅವನಿಗೆ ಇನ್ನೂ ಗೊತ್ತಿಲ್ಲ.

ಸ್ಪ್ಯಾನರ್:
ಗ್ರೈಂಡರ್ ಮಾತು ವಾಪಸ್ ತೆಗೆದುಕೊಂಡೆ. ನನ್ನ ಸಣ್ಣ ವಿಕ್ಟೋರಿನಾಕ್ಸ್ ಸ್ವಿಸ್ ಚಾಕುವಿಗೂ ಇದೇ 6 ಮಿ.ಮೀ. ಲೆಕ್ಕವಾ?

ಮಸೆಗಲ್ಲು:
ಅಲ್ಲ, ಅಲಗಿನ ಅಗಲ ಅಳೆದು 0.3ರಿಂದ ಗುಣಿಸಿ. 12 ಮಿ.ಮೀ. ಇದ್ದರೆ ಮೂರೂವರೆ ಸಾಕು. ಅದು ಸ್ವಲ್ಪ ಮೆದು ಸ್ಟೇನ್‌ಲೆಸ್, ಬರ್ ಬೇಗ ಏಳುತ್ತದೆ, ಬಿಡುವುದು ನಿಧಾನ. ಬೆಲ್ಟಿನ ಮೇಲೆ ಇನ್ನೊಂದಿಷ್ಟು ಜಾಸ್ತಿ ಎಳೆಯಿರಿ. ನಿಮ್ಮದೇ ಬೆಲ್ಟು.